ಸರಪಳಿ ಬಿಡಿಸಿದ ನಕ್ಷೆ

ದಾರಕ್ಕೆ ಸೀಸದ ಚೀಲ ಕಟ್ಟಿ ಚರ್ಚಿನ ಆಕಾರ ಹುಡುಕಿದವನೊಬ್ಬ. ಸಾಬೂನಿನ ಪೊರೆಯಲ್ಲಿ ಚಾವಣಿ ಕಂಡವನು ಇನ್ನೊಬ್ಬ. ಈಗ ಮರದ ಹಲಗೆ ಒಣಗುತ್ತ ತಾನೇ ಬಾಗಿ ಗೋಪುರವಾಗುತ್ತಿದೆ. ಗೌಡಿ ತೀರಿಕೊಂಡು ನೂರು ವರ್ಷ ತುಂಬುವ ಹೊತ್ತಿಗೆ, ಆಕಾರದ ತೀರ್ಮಾನವನ್ನು ವಸ್ತುವಿಗೇ ಬಿಟ್ಟುಕೊಟ್ಟವರ ಕಥೆ.

ಜರ್ಮನಿಯ ಮ್ಯಾನ್‌ಹೈಮ್ ನಗರದ ಉದ್ಯಾನ. ಕೆಲಸಗಾರರು ಕಸದ ಡಬ್ಬಿಗಳಿಗೆ ನೀರು ತುಂಬಿ, ತಲೆಯ ಮೇಲಿನ ಮರದ ಹಂದರಕ್ಕೆ ನೇತುಹಾಕುತ್ತಿದ್ದಾರೆ. ಡಬ್ಬಿ ಹೆಚ್ಚಿದಂತೆ ಹಂದರ ಎಷ್ಟು ಬಗ್ಗಿತು ಎಂದು ಎಂಜಿನಿಯರುಗಳು ಅಳೆಯುತ್ತಿದ್ದಾರೆ. 1975ರ ರಾಷ್ಟ್ರೀಯ ತೋಟಗಾರಿಕಾ ಪ್ರದರ್ಶನಕ್ಕೆಂದು ಕಟ್ಟಿದ ‘ಮುಲ್ಟಿಹಾಲೆ’ ಸಭಾಂಗಣದ ಭಾರ ಪರೀಕ್ಷೆ ಅದು.

ಕಸದ ಡಬ್ಬಿಯ ಮೊರೆ ಹೋಗಲು ಕಾರಣವಿತ್ತು. ಚಾವಣಿಗೆ ಬಳಸಿದ್ದು ಐದು ಸೆಂಟಿಮೀಟರ್ ದಪ್ಪದ ಮರದ ಪಟ್ಟಿಗಳು. ಅಷ್ಟು ಸಪೂರ ಪಟ್ಟಿಗಳು ಅಗಲವಾದ ಕಡೆ 60 ಮೀಟರ್‌ನಷ್ಟು ಜಾಗವನ್ನು ನಡುವೆ ಕಂಬವಿಲ್ಲದೆ ದಾಟಿದ್ದವು. ಅಲೆಯಲೆಯಾಗಿ ಏರಿಳಿಯುವ ಆ ಆಕಾರಕ್ಕೆ ಯಾವ ಕೈಪಿಡಿಯಲ್ಲೂ ಸೂತ್ರವಿರಲಿಲ್ಲ.

ಅದರ ಕೊನೆಯ ರೂಪವನ್ನು ಯಾರೂ ಕಾಗದದ ಮೇಲೆ ಗೆರೆ ಎಳೆದು ನಿರ್ಧರಿಸಿರಲೂ ಇಲ್ಲ. ಪುಟ್ಟ ಕೊಂಡಿಗಳ ಸರಪಳಿಯನ್ನು ಬಲೆಯಾಗಿ ಹೆಣೆದು, ಕೆಳಮುಖವಾಗಿ ತೂಗುಬಿಟ್ಟು, ಅದು ತಾನಾಗಿ ಪಡೆದ ಬಾಗನ್ನು ಅಳೆದುಕೊಂಡು ಮೇಲಕ್ಕೆ ಮಗುಚಿದ್ದರು.

ಡಬ್ಬಿಗಳ ಭಾರಕ್ಕೆ ಚಾವಣಿ ಬಗ್ಗಿತು, ಲೆಕ್ಕ ಹೇಳಿದ್ದಕ್ಕೆ ಹತ್ತಿರಹತ್ತಿರವಾಗಿಯೇ. ತಾತ್ಕಾಲಿಕ ಎಂದು ಕಟ್ಟಿದ ಆ ಸಭಾಂಗಣ ಐವತ್ತು ವರ್ಷ ದಾಟಿದೆ.

ತಲೆಕೆಳಗಾದ ಚರ್ಚು

ಸರಪಳಿಗೆ ಆಕಾರ ಕೇಳುವ ಈ ವಿದ್ಯೆಯಲ್ಲಿ ಎಲ್ಲರಿಗಿಂತ ದೂರ ಹೋದವನು ಬಾರ್ಸಿಲೋನಾದ ಆಂಟೊನಿ ಗೌಡಿ. 1926ರ ಜೂನ್ 7ರಂದು ಟ್ರಾಮ್ ಬಡಿದು, ಮೂರು ದಿನಗಳ ನಂತರ ತೀರಿಕೊಂಡ ಈ ವಾಸ್ತುಶಿಲ್ಪಿಯ ಶತಮಾನದ ನೆನಪು 2026ರ ಜೂನ್ 10ಕ್ಕೆ. ಅವನು ಅರ್ಧಕ್ಕೆ ಬಿಟ್ಟುಹೋದ ಸಗ್ರಾದಾ ಫಮೀಲಿಯಾ ಚರ್ಚು 2025ರ ಅಕ್ಟೋಬರ್‌ನಲ್ಲಿ ಜರ್ಮನಿಯ ಉಲ್ಮ್ ಚರ್ಚನ್ನು ಎತ್ತರದಲ್ಲಿ ಹಿಂದಿಕ್ಕಿ ಜಗತ್ತಿನ ಅತಿ ಎತ್ತರದ ಚರ್ಚಾಯಿತು. ಅದರ ನಡುಗೋಪುರಕ್ಕೆ ಗೊತ್ತುಮಾಡಿದ ಎತ್ತರ 172.5 ಮೀಟರ್.

ಆದರೆ ಗೌಡಿಯ ಅತಿ ದಿಟ್ಟ ಪ್ರಯೋಗ ನಡೆದದ್ದು ಅಲ್ಲಲ್ಲ, ನಗರದ ಹೊರವಲಯದಲ್ಲಿ. ಜವಳಿ ಉದ್ಯಮಿ ಎವುಸೆಬಿ ಗ್ವೆಲ್ ತನ್ನ ಗಿರಣಿ ಕಾರ್ಮಿಕರಿಗಾಗಿ ಕಟ್ಟಿಸಿದ ಕಾಲೊನಿಗೆ ಒಂದು ಚರ್ಚು ಬೇಕಿತ್ತು. 1898ರಲ್ಲಿ ಕೆಲಸ ಗೌಡಿಗೆ ಬಂತು. ಅಡಿಗಲ್ಲು ಬಿದ್ದದ್ದು 1908ರಲ್ಲಿ. ನಡುವಿನ ಹತ್ತು ವರ್ಷ ಮಾದರಿಗೇ ಹೋಯಿತು.

ಆ ಮಾದರಿ ಮೇಜಿನ ಮೇಲೆ ಕೂತಿರಲಿಲ್ಲ, ಚಾವಣಿಯಿಂದ ನೇತಾಡುತ್ತಿತ್ತು. ನಿಜವಾದ ಕಟ್ಟಡದ ಹತ್ತನೇ ಒಂದರಷ್ಟು ದೊಡ್ಡದು. ಪ್ರತಿ ಕಮಾನಿಗೆ, ಪ್ರತಿ ಕಂಬಕ್ಕೆ ಒಂದು ದಾರ. ಅದು ಹೊರಬೇಕಾದ ಭಾರಕ್ಕೆ ತಕ್ಕಂತೆ ದಾರಕ್ಕೆ ಕಟ್ಟಿದ ಸೀಸದ ಗುಂಡಿನ ಪುಟ್ಟ ಚೀಲ. ಒಂದು ಚೀಲ ಹಗುರ ಮಾಡಿದರೆ ಪಕ್ಕದ ದಾರಗಳೆಲ್ಲ ಜರುಗಿ ಹೊಸ ಸಮತೋಲನಕ್ಕೆ ಬಂದು ನಿಲ್ಲುತ್ತಿದ್ದವು. ಒಂದು ಕಡೆ ಕೈಯಾಡಿಸಿದರೆ ಇಡೀ ಚರ್ಚು ಅಲುಗುತ್ತಿತ್ತು. ಗೌಡಿ ಅದರ ಫೋಟೊ ತೆಗೆಸಿ, ಫೋಟೊವನ್ನು ತಲೆಕೆಳಗಾಗಿ ಹಿಡಿದು, ಅದರ ಮೇಲೆಯೇ ಬಣ್ಣ ಹಚ್ಚಿ ಗೋಡೆ, ಕಿಟಕಿ, ಶಿಖರಗಳನ್ನು ಮೂಡಿಸುತ್ತಿದ್ದ.

ಇದರ ಒಳಗುಟ್ಟು ಸರಳ. ತೂಗುಬಿಟ್ಟ ದಾರಕ್ಕೆ ಗೊತ್ತಿರುವುದು ಸೆಳೆತವೊಂದೇ. ತಳ್ಳಿದರೆ ಅದು ಮುದುರುತ್ತದೆ, ಬಗ್ಗಿಸಿದರೆ ಎದುರಾಡುವುದಿಲ್ಲ. ಹಾಗಾಗಿ ಭಾರ ಹೊತ್ತಾಗ ಅದು ಪಡೆಯುವ ಬಾಗಿನಲ್ಲಿ ಸೆಳೆತ ಬಿಟ್ಟು ಬೇರೆ ಬಲಕ್ಕೆ ಜಾಗವಿಲ್ಲ. ಅದೇ ಬಾಗನ್ನು ಮೇಲುಕೆಳಗು ಮಾಡಿದರೆ ಸೆಳೆತವಿದ್ದಲ್ಲೆಲ್ಲ ಒತ್ತಡ ಬರುತ್ತದೆ. ಕಲ್ಲು, ಇಟ್ಟಿಗೆಗಳಿಗೆ ಬೇಕಾದದ್ದೂ ಅದೇ: ಒತ್ತಿದರೆ ತಡೆಯುತ್ತವೆ, ಎಳೆದರೆ ಬಿರಿಯುತ್ತವೆ.

1914ರಲ್ಲಿ ಕೆಲಸ ನಿಂತುಹೋಯಿತು. ಪೂರ್ತಿಯಾದದ್ದು ನೆಲಮಾಳಿಗೆಯ ಪ್ರಾರ್ಥನಾ ಮಂದಿರ ಮಾತ್ರ. ಅಲ್ಲಿ ಬಸಾಲ್ಟ್ ಕಲ್ಲಿನ ಕಂಬಗಳು ಓರೆಯಾಗಿ ನಿಂತಿವೆ. ಗಿರಣಿಯಲ್ಲಿ ಬಳಸಿ ಬಿಸಾಡಿದ ಮಗ್ಗದ ಸೂಜಿಗಳು ಕಿಟಕಿಯ ಸರಳುಗಳಾಗಿವೆ. 2005ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

> ಒಗಟಿನಲ್ಲಿ ಬಚ್ಚಿಟ್ಟ ಸೂತ್ರ
>
> ತೂಗುಸರಪಳಿಗೂ ಕಮಾನಿಗೂ ಇರುವ ನಂಟನ್ನು ಮೊದಲು ಹೇಳಿದವರು ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್. 1675ರಲ್ಲಿ ಅವರು ಅದನ್ನು ಲ್ಯಾಟಿನ್ ಅಕ್ಷರಗಳ ಒಗಟಾಗಿ ಅಚ್ಚು ಹಾಕಿಸಿದರು. ಬೇರೆಯವರು ಕದಿಯಬಾರದು, ಮೊದಲು ಹೇಳಿದ ಹಕ್ಕೂ ಕೈತಪ್ಪಬಾರದು ಎಂಬುದು ಲೆಕ್ಕಾಚಾರ. ಒಗಟಿನ ಉತ್ತರ ಹೊರಬಿದ್ದದ್ದು ಅವರು ತೀರಿಕೊಂಡ ಮೇಲೆ. 18ನೇ ಶತಮಾನದಲ್ಲಿ ರೋಮ್‌ನ ಸೇಂಟ್ ಪೀಟರ್ಸ್ ಗುಮ್ಮಟ ಬಿರುಕು ಬಿಟ್ಟಾಗ ಇಟಲಿಯ ಜೊವಾನ್ನಿ ಪೊಲೇನಿ ತೂಕ ಕಟ್ಟಿದ ಸರಪಳಿಯನ್ನು ತೂಗುಬಿಟ್ಟು, ಗುಮ್ಮಟಕ್ಕೆ ಅಪಾಯವಿಲ್ಲ ಎಂದು ತೋರಿಸಿಕೊಟ್ಟರು.

ಸೆರೆಶಿಬಿರದ ಪಾಠ

ಫ್ರೈ ಒಟ್ಟೊ ಹುಟ್ಟಿದ್ದು ಗೌಡಿ ತೀರಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು, 1925ರ ಮೇ 31ರಂದು, ಜರ್ಮನಿಯಲ್ಲಿ. ತಂದೆ, ತಾತ ಇಬ್ಬರೂ ಕಲ್ಲು ಕೆತ್ತುವವರು. ಹುಡುಗನಿಗೆ ಹಿಡಿಸಿದ್ದು ಗ್ಲೈಡರ್. ತೆಳ್ಳನೆಯ ಚೌಕಟ್ಟಿನ ಮೇಲೆ ಬಟ್ಟೆ ಬಿಗಿದರೆ ಅದು ಮನುಷ್ಯನನ್ನು ಹೊತ್ತು ಹಾರುತ್ತದೆ ಎಂಬ ಬೆರಗು ಕೊನೆಯವರೆಗೂ ಬಿಡಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಪೈಲಟ್ ಆಗಿದ್ದ ಒಟ್ಟೊ ಫ್ರಾನ್ಸ್‌ನ ಶಾರ್ತ್ರ್ ಬಳಿಯ ಸೆರೆಶಿಬಿರ ಸೇರಿದ. ಅಲ್ಲಿ ಶಿಬಿರದ ಕಟ್ಟಡ ಕೆಲಸ ಅವನ ಪಾಲಿಗೆ ಬಂತು. ಮರವಿಲ್ಲ, ಕಬ್ಬಿಣವಿಲ್ಲ, ಇದ್ದಬದ್ದದ್ದರಲ್ಲೇ ಸೂರು ಕಟ್ಟಬೇಕು. ಅತಿ ಕಡಿಮೆ ಸಾಮಗ್ರಿಯಲ್ಲಿ ಅತಿ ಹೆಚ್ಚು ಜಾಗ ಮುಚ್ಚುವುದು ಹೇಗೆ ಎಂಬ ಅವನ ಜೀವಮಾನದ ಪ್ರಶ್ನೆ ಹುಟ್ಟಿದ್ದು ಅಲ್ಲಿ. 1954ರಲ್ಲಿ ಡಾಕ್ಟರೇಟ್ ಪ್ರಬಂಧಕ್ಕೆ ಆರಿಸಿಕೊಂಡ ವಿಷಯವೂ ತೂಗುಚಾವಣಿಯೇ.

1964ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಅವನ ಹಗುರ ರಚನೆಗಳ ಸಂಸ್ಥೆ ಶುರುವಾಯಿತು. ಅಲ್ಲಿನ ನೆಚ್ಚಿನ ಸಾಮಗ್ರಿ ಸಾಬೂನು ನೀರು. ತಂತಿಯ ಚೌಕಟ್ಟನ್ನು ಅದರಲ್ಲಿ ಅದ್ದಿ ಎತ್ತಿದರೆ ಒಂದು ಪೊರೆ ಬಿಗಿದುಕೊಳ್ಳುತ್ತದೆ. ಆ ಚೌಕಟ್ಟಿಗೆ ಸಾಧ್ಯವಿರುವ ಮೇಲ್ಮೈಗಳಲ್ಲಿ ಕಡಿಮೆ ವಿಸ್ತಾರದ ಒಂದನ್ನು ಪೊರೆ ತಾನಾಗಿ ಹಿಡಿಯುತ್ತದೆ, ಎಲ್ಲ ದಿಕ್ಕಿಗೂ ಸೆಳೆತ ಸಮ. ಬಟ್ಟೆ ಅಥವಾ ಉಕ್ಕಿನ ಹಗ್ಗದ ಚಾವಣಿಗೆ ಇದಕ್ಕಿಂತ ಒಳ್ಳೆಯ ಆಕಾರ ಬೇಕಿಲ್ಲ. ತೊಂದರೆ ಒಂದೇ, ಪೊರೆ ಬೇಗ ಒಡೆಯುತ್ತದೆ. ಅದು ಒಡೆಯುವ ಮೊದಲೇ ಫೋಟೊ ಹಿಡಿಯಲು ಒಟ್ಟೊನ ತಂಡ ಒಂದು ಯಂತ್ರವನ್ನೇ ಕಟ್ಟಿಕೊಂಡಿತು.

ಮಾದರಿ ಎಂದರೆ ಸಾಮಾನ್ಯವಾಗಿ ನಿರ್ಧರಿಸಿಯಾದ ಕಟ್ಟಡದ ಚಿಕ್ಕ ಪ್ರತಿ. ಗಿರಾಕಿಗೆ ತೋರಿಸಿ ಒಪ್ಪಿಸಲಿಕ್ಕೆ ಇರುವಂಥದ್ದು. ಗೌಡಿ, ಒಟ್ಟೊ ಇಬ್ಬರ ಕೈಯಲ್ಲೂ ಅದರ ಕೆಲಸ ಬದಲಾಯಿತು. ಎತ್ತರ, ಅಗಲ, ಆಧಾರದ ಜಾಗ, ಹೊರಬೇಕಾದ ಭಾರ ಇಷ್ಟನ್ನು ವಿನ್ಯಾಸಕಾರ ಹೇಳುತ್ತಾನೆ. ಉಳಿದದ್ದನ್ನು ದಾರವೋ ಪೊರೆಯೋ ಲೆಕ್ಕ ಹಾಕಿ ಕೊಡುತ್ತದೆ. ಗೌಡಿಯ ಕಳೆದುಹೋದ ತೂಗುಮಾದರಿಯನ್ನು 1980ರ ದಶಕದ ಆರಂಭದಲ್ಲಿ ಹಳೆಯ ಫೋಟೊಗಳ ನೆರವಿನಿಂದ ಮತ್ತೆ ಕಟ್ಟಿದವರಲ್ಲಿ ಒಟ್ಟೊನ ಸಂಸ್ಥೆಯ ಸಂಶೋಧಕರೂ ಇದ್ದರು. ಆ ಪ್ರತಿ ಈಗ ಸಗ್ರಾದಾ ಫಮೀಲಿಯಾದ ವಸ್ತುಸಂಗ್ರಹಾಲಯದಲ್ಲಿದೆ.

ಕಾಲುಚೀಲದಿಂದ ಕಂಪ್ಯೂಟರಿಗೆ

1972ರ ಮ್ಯೂನಿಕ್ ಒಲಿಂಪಿಕ್ಸ್ ಕ್ರೀಡಾಂಗಣದ ಸ್ಪರ್ಧೆಗೆ ವಾಸ್ತುಶಿಲ್ಪಿ ಗುಂಟರ್ ಬೆಹ್ನಿಷ್ ತಂಡ ಕಳಿಸಿದ ಮಾದರಿಯಲ್ಲಿ ಕಡ್ಡಿಗಳ ಮೇಲೆ ಎಳೆದು ಬಿಗಿದದ್ದು ಹೆಂಗಸರ ನೈಲಾನ್ ಕಾಲುಚೀಲ. ಮಾದರಿ ಗೆದ್ದಿತು. ಅದನ್ನು 74,800 ಚದರ ಮೀಟರ್ ಚಾವಣಿಯಾಗಿ ಕಟ್ಟುವುದು ಹೇಗೆ ಎಂಬ ಪ್ರಶ್ನೆ ಆಮೇಲೆ ಎದುರಾಯಿತು. ಒಟ್ಟೊನನ್ನು ಕರೆಸಿದರು.

ಉಕ್ಕಿನ ಹಗ್ಗಗಳ ಬಲೆ ನೇಯ್ದು, ಅದರ ಮೇಲೆ ಪಾರದರ್ಶಕ ಅಕ್ರಿಲಿಕ್ ಫಲಕ ಹೊದಿಸುವುದು ಯೋಜನೆ. ಹಗ್ಗಗಳನ್ನು ಕಾರ್ಖಾನೆಯಲ್ಲೇ ಅಳತೆಗೆ ಕತ್ತರಿಸಿ ತರಬೇಕು. ಉದ್ದ ತಪ್ಪಿದರೆ ಬಲೆ ಎಲ್ಲೋ ಸಡಿಲ, ಎಲ್ಲೋ ಬಿಗಿ. ಮಾದರಿ ಇದ್ದದ್ದು 1:125 ಪ್ರಮಾಣದಲ್ಲಿ. ಅಂದರೆ ಅದರಲ್ಲಿ ಒಂದು ಮಿಲಿಮೀಟರ್ ಅಳತೆ ತಪ್ಪಿದರೆ ಕ್ರೀಡಾಂಗಣದಲ್ಲಿ ಹನ್ನೆರಡೂವರೆ ಸೆಂಟಿಮೀಟರ್.

ಸ್ಟುಟ್‌ಗಾರ್ಟ್‌ನ ಭೂಮಾಪನ ತಜ್ಞ ಕ್ಲಾಸ್ ಲಿಂಕ್‌ವಿಟ್ಜ್ ತಂಡ ಎರಡು ಕೋನದಿಂದ ಫೋಟೊ ತೆಗೆದು ಮಾದರಿಯನ್ನು ಅಳೆಯಿತು. ಅದೂ ಸಾಲದಾದಾಗ ಗಣಿತಕ್ಕೆ ಕೈಹಾಕಿತು. ಬಲೆಯ ಪ್ರತಿ ತುಂಡಿನಲ್ಲಿರುವ ಬಲವನ್ನು ಅದರ ಉದ್ದದಿಂದ ಭಾಗಿಸಿದ ಸಂಖ್ಯೆಯನ್ನು ಮೊದಲೇ ಹಿಡಿದುಕೊಂಡರೆ, ತೊಡಕಿನ ಸಮೀಕರಣಗಳು ಕಂಪ್ಯೂಟರ್ ಬಿಡಿಸಬಲ್ಲಷ್ಟು ಸರಳವಾಗುತ್ತವೆ ಎಂಬುದು ಅವರು ಕಂಡುಕೊಂಡ ದಾರಿ. ‘ಬಲ ಸಾಂದ್ರತೆ’ ವಿಧಾನ ಎಂದು ಹೆಸರಾದ ಅದು ಬಲೆ, ಬಟ್ಟೆ, ಕಮಾನುಗಳ ಆಕಾರ ಹುಡುಕಲು ಇಂದಿಗೂ ಬಳಕೆಯಲ್ಲಿದೆ. ಕೈಮಾದರಿಯ ಅಳತೆ ಸಾಲದೆ ಹೋದ ಜಾಗದಲ್ಲಿ ಕಂಪ್ಯೂಟರ್ ಈ ಕಥೆಯೊಳಗೆ ಬಂತು.

ಮ್ಯಾನ್‌ಹೈಮ್ ಸಭಾಂಗಣ ಇದರ ನೇರ ಮುಂದುವರಿಕೆ. ವಾಸ್ತುಶಿಲ್ಪಿಗಳಾದ ಕಾರ್ಲ್‌ಫ್ರೀಡ್ ಮುಚ್ಲರ್, ಯೋಆಹಿಮ್ ಲಾಂಗ್ನರ್ ಜೊತೆ ಒಟ್ಟೊ ಕೈಜೋಡಿಸಿದ. ಎಂಜಿನಿಯರಿಂಗ್ ಹೊಣೆ ಓವ್ ಅರೂಪ್ ಸಂಸ್ಥೆಯದು. ಸರಪಳಿ ಮಾದರಿಯನ್ನು ಅಳೆದು, ಲಿಂಕ್‌ವಿಟ್ಜ್ ಬಳಗ ಅದನ್ನು ಲೆಕ್ಕದಲ್ಲಿ ತಿದ್ದಿಕೊಟ್ಟಿತು. ಹೆಮ್ಲಾಕ್ ಮರದ ಪಟ್ಟಿಗಳನ್ನು ನೆಲದ ಮೇಲೆ ಚೌಕುಳಿಯಾಗಿ ಹರಡಿ, ಕೂಡುವಲ್ಲೆಲ್ಲ ಬೋಲ್ಟ್ ಸಡಿಲವಾಗಿ ಕೂರಿಸಿದರು. ಕೆಳಗಿನಿಂದ ಅಟ್ಟಣಿಗೆ ಕೊಟ್ಟು ಎತ್ತುತ್ತ ಹೋದಂತೆ ಚೌಕಗಳು ಓರೆಯಾದವು, ಪಟ್ಟಿಗಳು ಒಂದರ ಮೇಲೊಂದು ಜಾರಿದವು, ಚಪ್ಪಟೆ ಹಂದರ ಗುಮ್ಮಟವಾಯಿತು. ಆಮೇಲೆ ಬೋಲ್ಟ್ ಬಿಗಿದರು.

ಒಟ್ಟೊ 2015ರ ಮಾರ್ಚ್ 9ರಂದು ತೀರಿಕೊಂಡ. ವಾಸ್ತುಶಿಲ್ಪಕ್ಕೆ ಕೊಡುವ ಆ ವರ್ಷದ ಪ್ರಿಟ್ಜ್‌ಕರ್ ಪ್ರಶಸ್ತಿ ಅವನಿಗೆಂದು ಅಷ್ಟರಲ್ಲೇ ತೀರ್ಮಾನವಾಗಿತ್ತು, ಸುದ್ದಿ ಅವನಿಗೆ ತಲುಪಿಯೂ ಇತ್ತು. ಜಗತ್ತಿಗೆ ಗೊತ್ತಾದದ್ದು ಮರುದಿನ.

> ಹಿಮಗಟ್ಟಿದ ಬಟ್ಟೆಯ ಗುಮ್ಮಟ
>
> ಸ್ವಿಟ್ಜರ್ಲೆಂಡ್‌ನ ಎಂಜಿನಿಯರ್ ಹೈನ್ಸ್ ಇಸ್ಲರ್ ಚಳಿಗಾಲದಲ್ಲಿ ಒದ್ದೆ ಬಟ್ಟೆಯನ್ನು ತೋಟದಲ್ಲಿ ತೂಗುಬಿಡುತ್ತಿದ್ದರು. ಬೆಳಗಾಗುವುದರೊಳಗೆ ಅದು ಹೆಪ್ಪುಗಟ್ಟಿ ಗಟ್ಟಿಯಾಗುತ್ತಿತ್ತು. ಅದನ್ನು ಮಗುಚಿದರೆ ಕಾಂಕ್ರೀಟ್ ಚಿಪ್ಪಿನ ಆಕಾರ ಸಿದ್ಧ. 1968ರಲ್ಲಿ ಡೈಟಿಂಗನ್ ಬಳಿ ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕ್‌ಗೆ ಅವರು ಕಟ್ಟಿದ ಚಿಪ್ಪುಗಳು ಸುಮಾರು 30 ಮೀಟರ್ ಅಗಲ ಹರಡಿವೆ. ಕಾಂಕ್ರೀಟ್ ದಪ್ಪ ಸುಮಾರು 9 ಸೆಂಟಿಮೀಟರ್.

ನಳ್ಳಿಯ ಚಿಪ್ಪು, ರೋಬಾಟ್ ಕೈ

ಅದೇ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ ಈಗ ಆಹಿಮ್ ಮೆಂಗಸ್ ಮತ್ತು ಯಾನ್ ಕ್ನಿಪ್ಪರ್ಸ್ ಅವರ ತಂಡಗಳು ಕೆಲಸ ಮಾಡುತ್ತಿವೆ. 2010ರಿಂದ ಅವರು ಸಾಲಾಗಿ ಪ್ರಯೋಗ ಮಂಟಪಗಳನ್ನು ಕಟ್ಟುತ್ತ ಬಂದಿದ್ದಾರೆ. ಮೊದಲನೆಯದು 6.5 ಮಿಲಿಮೀಟರ್ ದಪ್ಪದ ಪ್ಲೈವುಡ್ ಪಟ್ಟಿಗಳನ್ನು ಬಗ್ಗಿಸಿ ಕಟ್ಟಿದ್ದು. ಬಗ್ಗಿದ ಪಟ್ಟಿ ನೆಟ್ಟಗಾಗಲು ಹವಣಿಸುವ ಬಲವೇ ಅಲ್ಲಿ ಕಟ್ಟಡವನ್ನು ಗಟ್ಟಿ ಹಿಡಿಯಿತು.

2012ರ ಮಂಟಪಕ್ಕೆ ಗುರು ಸಿಗಡಿಯ ದೊಡ್ಡಣ್ಣ ಲಾಬ್‌ಸ್ಟರ್, ಅಂದರೆ ಕಡಲ ನಳ್ಳಿ. ಅದರ ಚಿಪ್ಪಿನಲ್ಲಿ ನಾರುಗಳು ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಬಲ ಯಾವ ದಿಕ್ಕಿಗೆ ಹರಿಯುತ್ತದೋ ಆ ದಿಕ್ಕಿಗೆ ಹೆಚ್ಚು. ಅದನ್ನೇ ಅನುಸರಿಸಿ ರೋಬಾಟ್ ತೋಳೊಂದು ಗಾಜಿನ ನಾರು, ಇಂಗಾಲದ ನಾರುಗಳನ್ನು ಚೌಕಟ್ಟಿಗೆ ಸುತ್ತಿತು. ಎಂಟು ಮೀಟರ್ ಅಗಲದ ಆ ಚಿಪ್ಪಿನ ದಪ್ಪ 4 ಮಿಲಿಮೀಟರ್, ತೂಕ 320 ಕಿಲೋಗಿಂತ ಕಡಿಮೆ.

ಏಳು ವರ್ಷದ ಮೇಲೆ ಅದೇ ವಿದ್ಯೆ ಹೈಲ್‌ಬ್ರಾನ್‌ನಲ್ಲಿ ದೊಡ್ಡದಾಗಿ ಎದ್ದಿತು. ಸಂದರ್ಭ ಮತ್ತೆ ಅದೇ, ರಾಷ್ಟ್ರೀಯ ತೋಟಗಾರಿಕಾ ಪ್ರದರ್ಶನ. ನಾರಿನಿಂದ ಸುತ್ತಿದ 60 ಕಂಬಿಗಳು ಸೇರಿ 23 ಮೀಟರ್ ಅಗಲದ ಗುಮ್ಮಟ. ಒಟ್ಟು ಒಂದೂವರೆ ಲಕ್ಷ ಮೀಟರ್‌ಗೂ ಹೆಚ್ಚು ನಾರು. ಅದರ ಚೌಕಟ್ಟಿನ ತೂಕ ಚದರ ಮೀಟರಿಗೆ 7.6 ಕಿಲೋ. ಇಂಥದ್ದಕ್ಕೆ ಸಿದ್ಧ ನಿಯಮಾವಳಿ ಇಲ್ಲವಾದ್ದರಿಂದ ಇಲ್ಲೂ ಒತ್ತಿ ನೋಡಿಯೇ ನಂಬಬೇಕಾಯಿತು. ಒಂದು ಕಂಬಿ 250 ಕಿಲೋನ್ಯೂಟನ್, ಅಂದರೆ ಸುಮಾರು 25 ಟನ್ ಭಾರದ ಒತ್ತಡ ತಡೆಯಿತು.

ಒಣಗಿ ಬಾಗುವ ಗೋಪುರ

ಮರಗೆಲಸದವರಿಗೆ ಹಸಿ ಹಲಗೆ ಎಂದರೆ ತಲೆನೋವು. ಇಂದು ನೆಟ್ಟಗಿದ್ದದ್ದು ಒಣಗಿದ ಮೇಲೆ ಸೊಟ್ಟ. ನಾರಿನ ಉದ್ದಕ್ಕೆ ಮರ ಕುಗ್ಗುವುದು ನಾಮಮಾತ್ರಕ್ಕೆ, ಅಡ್ಡಕ್ಕೆ ಕುಗ್ಗುವುದು ಚೆನ್ನಾಗಿಯೇ. ಮೆಂಗಸ್ ತಂಡ ಈ ದೋಷವನ್ನೇ ಕೆಲಸಕ್ಕೆ ಹಚ್ಚಿತು.

ನಾರಿನ ದಿಕ್ಕು ಒಂದಕ್ಕೊಂದು ಅಡ್ಡ ಬರುವಂತೆ ಎರಡು ಪದರ ಹಸಿ ಮರವನ್ನು ಅಂಟಿಸಿ ಒಣಗಿಸುವ ಕೋಣೆಗೆ ಕಳಿಸಿದರೆ, ಒಂದು ಪದರ ಕುಗ್ಗಲು ನೋಡುತ್ತದೆ, ಇನ್ನೊಂದು ಬಿಡುವುದಿಲ್ಲ. ಬಿಸಿಲಿಗಿಟ್ಟ ಹಪ್ಪಳ ಮುದುರಿದಂತೆ ಹಲಗೆ ಬಾಗುತ್ತದೆ. ವ್ಯತ್ಯಾಸವೆಂದರೆ, ಎಷ್ಟು ಬಾಗುತ್ತದೆ ಎಂಬುದನ್ನು ಕಂಪ್ಯೂಟರ್ ಮೊದಲೇ ಹೇಳಿರುತ್ತದೆ. ಮರದ ಜಾತಿ, ಪದರದ ದಪ್ಪ, ತೇವಾಂಶ ಇಷ್ಟು ತಿಳಿದರೆ ಬಾಗು ತಿಳಿದಂತೆ. ಬಗ್ಗಿಸಲು ಭಾರೀ ಯಂತ್ರ ಬೇಡ, ಅಚ್ಚೂ ಬೇಡ.

2019ರಲ್ಲಿ ಉರ್ಬಾಕ್ ಎಂಬ ಊರಿನ ಗುಡ್ಡದ ಮೇಲೆ ಇಂಥ 12 ಬಾಗುಹಲಗೆಗಳನ್ನು ಜೋಡಿಸಿ 14 ಮೀಟರ್ ಎತ್ತರದ ಗೋಪುರ ನಿಲ್ಲಿಸಿದರು. ಅದರ ಗೋಡೆಯ ದಪ್ಪ ಬರೀ 9 ಸೆಂಟಿಮೀಟರ್. ಚಪ್ಪಟೆ ಹಲಗೆಯಾಗಿದ್ದರೆ ಇಷ್ಟು ತೆಳುವಿಗೆ ಅಷ್ಟು ಎತ್ತರ ನಿಲ್ಲುವುದು ಕಷ್ಟ, ಬಾಗು ಅದಕ್ಕೆ ಬಿಗಿ ಕೊಟ್ಟಿದೆ. 2024ರಲ್ಲಿ ವಾಂಗನ್ ಊರಿನಲ್ಲಿ ಇದೇ ವಿಧಾನದ, ಜನ ಹತ್ತಬಹುದಾದ ಇನ್ನೂ ಎತ್ತರದ ಗೋಪುರ ಬಂತು.

ಬೇರೆಡೆಯೂ ಹಳೆಯ ಸಾಮಗ್ರಿಗಳಿಗೆ ಹೊಸ ಕೆಲಸ ಸಿಗುತ್ತಿದೆ. ಜ್ಯೂರಿಚ್‌ನ ಇಟಿಎಚ್ ವಿಶ್ವವಿದ್ಯಾಲಯದ ಫಿಲಿಪ್ ಬ್ಲಾಕ್ ತಂಡ 2016ರ ವೆನಿಸ್ ಬಿಯೆನ್ನಾಲೆ ಪ್ರದರ್ಶನದಲ್ಲಿ 399 ಸುಣ್ಣಕಲ್ಲುಗಳನ್ನು ಗಾರೆಯಿಲ್ಲದೆ, ಅಂಟಿಲ್ಲದೆ ಜೋಡಿಸಿ ಅಲೆಯಂಥ ಕಮಾನು ನಿಲ್ಲಿಸಿತು. ಕೆಲವೆಡೆ ಅದರ ದಪ್ಪ 5 ಸೆಂಟಿಮೀಟರ್. 2018ರಲ್ಲಿ ಅದೇ ಬಳಗ ಜಹಾ ಹದೀದ್ ಸಂಸ್ಥೆಯ ಜೊತೆ ಸೇರಿ ಮೆಕ್ಸಿಕೊ ನಗರದಲ್ಲಿ ಕಟ್ಟಿದ ಕಾಂಕ್ರೀಟ್ ಚಿಪ್ಪಿನ ಅಚ್ಚು ಯಂತ್ರದಲ್ಲಿ ಹೆಣೆದ ಬಟ್ಟೆ. ಹೆಣೆಯಲು ಹಿಡಿದದ್ದು 36 ಗಂಟೆ. ಐದು ಟನ್ ಕಾಂಕ್ರೀಟ್ ಹೊತ್ತ ಆ ಅಚ್ಚು ಸ್ವಿಟ್ಜರ್ಲೆಂಡ್‌ನಿಂದ ವಿಮಾನದಲ್ಲಿ ಬಂದದ್ದು ಸೂಟ್‌ಕೇಸುಗಳಲ್ಲಿ.

> ನಮ್ಮ ಮಣ್ಣಿನ ಕಮಾನು
>
> ಒತ್ತಡ ತಡೆಯುವ, ಸೆಳೆತ ತಾಳದ ಇನ್ನೊಂದು ವಸ್ತು ಮಣ್ಣು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ, ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ ಒತ್ತಿದ, ಸುಡಬೇಕಿಲ್ಲದ ಇಟ್ಟಿಗೆಯನ್ನು ರೂಪಿಸಿ ಪ್ರಚಾರಕ್ಕೆ ತಂದಿತು. ಅಂಥ ಇಟ್ಟಿಗೆಯ ಮನೆಗಳು ಬೆಂಗಳೂರಿನಲ್ಲಿ ಹಲವು. ಆರೊವಿಲ್‌ನ ಭೂಮಿ ಸಂಸ್ಥೆ ಒತ್ತಿದ ಮಣ್ಣಿನ ಇಟ್ಟಿಗೆಗಳಿಂದಲೇ, ತೂಗುಸರಪಳಿಯ ಬಾಗನ್ನು ಅನುಸರಿಸಿ ಕಮಾನು, ಗುಮ್ಮಟಗಳನ್ನು ಕಟ್ಟುತ್ತದೆ, ಕಟ್ಟುವುದನ್ನು ಕಲಿಸುತ್ತದೆ.

ಮಂಟಪದಿಂದ ಮಹಡಿಗೆ

ಇವೆಲ್ಲ ಪ್ರದರ್ಶನದ ಆಟಿಕೆಗಳಲ್ಲವೇ ಎಂಬ ಆಕ್ಷೇಪ ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಬಹುಪಾಲು ಪ್ರಯೋಗಗಳು ಒಂದು ಬೇಸಿಗೆ ನಿಂತು ಕಳಚಿ ಹೋಗುತ್ತವೆ. ಪ್ರತಿಯೊಂದಕ್ಕೂ ಬೇರೆಯೇ ಅನುಮತಿ, ಬೇರೆಯೇ ಪರೀಕ್ಷೆ. ರಾಳದಲ್ಲಿ ಅದ್ದಿದ ಇಂಗಾಲದ ನಾರನ್ನು ಮರುಬಳಕೆ ಮಾಡುವುದು ಕಷ್ಟ. ಹಾಗಾಗಿಯೇ 2021ರಲ್ಲಿ ಫ್ರೈಬುರ್ಗ್‌ನಲ್ಲಿ ಕಟ್ಟಿದ ಮಂಟಪಕ್ಕೆ ರೋಬಾಟ್ ಸುತ್ತಿದ್ದು ಅಗಸೆ ನಾರು. ಉಳಿದು ನಿಂತವಕ್ಕೂ ಕಾಲದ ಕಾಟ ತಪ್ಪಿಲ್ಲ. 1998ರಲ್ಲೇ ಸಂರಕ್ಷಿತ ಸ್ಮಾರಕವಾಗಿದ್ದ ಮ್ಯಾನ್‌ಹೈಮ್ ಸಭಾಂಗಣವನ್ನು ಕೆಡವುವ ಮಾತು 2016ರಲ್ಲಿ ಎದ್ದಿತು. ಉಳಿಸುವ ಅಭಿಯಾನ ನಡೆದು ಅದು ಬದುಕಿಕೊಂಡಿತು.

ಆದರೂ ವಿದ್ಯೆ ನಿಧಾನವಾಗಿ ಮಂಟಪ ಬಿಟ್ಟು ಮಹಡಿಯ ಕಡೆ ಹೊರಟಿದೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊಗೆಯಲ್ಲಿ ಸಿಮೆಂಟಿನ ಪಾಲು ಸುಮಾರು ನೂರಕ್ಕೆ ಎಂಟು. ಬಹುಮಹಡಿ ಕಟ್ಟಡದಲ್ಲಿ ಕಾಂಕ್ರೀಟಿನ ದೊಡ್ಡ ಪಾಲು ನುಂಗುವುದು ನೆಲದ ಚಪ್ಪಡಿಗಳು. ಚಪ್ಪಟೆ ಚಪ್ಪಡಿ ಭಾರಕ್ಕೆ ಬಾಗಲು ನೋಡುತ್ತದೆ, ಅದನ್ನು ತಡೆಯಲು ದಪ್ಪ ಕಾಂಕ್ರೀಟ್, ಒಳಗೆ ಕಬ್ಬಿಣ. ಚಪ್ಪಡಿಯ ಬದಲು ತೆಳು ಕಮಾನಿನ ನೆಲ ಹಾಕಿದರೆ ಭಾರ ಒತ್ತಡವಾಗಿ ಮೂಲೆಗಳಿಗೆ ಹರಿದುಹೋಗುತ್ತದೆ.

ಬ್ಲಾಕ್ ತಂಡ ಇದನ್ನು ಸ್ವಿಟ್ಜರ್ಲೆಂಡ್‌ನ ಡ್ಯುಬೆಂಡಾರ್ಫ್‌ನಲ್ಲಿ 2021ರಲ್ಲಿ ತೆರೆದ ‘ಹೈಲೋ’ ಕಟ್ಟಡದಲ್ಲಿ ಮಾಡಿ ತೋರಿಸಿದೆ. ಅಲ್ಲಿನ ನೆಲಗಳಿಗೆ ಮಾಮೂಲಿ ಚಪ್ಪಡಿಗೆ ಬೇಕಾಗುವ ಕಾಂಕ್ರೀಟಿನಲ್ಲಿ ನೂರಕ್ಕೆ 70ರಷ್ಟು ಉಳಿಯಿತು. ಚಾವಣಿಯನ್ನು ಎರಕ ಹೊಯ್ದದ್ದು ಹಗ್ಗದ ಬಲೆಯ ಮೇಲೆ ಹಾಸಿದ ಬಟ್ಟೆಯಲ್ಲಿ. ಶತಮಾನದ ಜೂನ್‌ನಲ್ಲಿ ಬಾರ್ಸಿಲೋನಾಕ್ಕೆ ಹೋದವರು ಕತ್ತೆತ್ತಿ 172.5 ಮೀಟರ್ ಶಿಖರ ನೋಡುತ್ತಾರೆ. ಗೌಡಿಯ ದಾರ, ಚೀಲಗಳ ಲೆಕ್ಕಕ್ಕೆ ಮುಂದೆ ಹೆಚ್ಚು ಗಿರಾಕಿ ಸಿಗಬಹುದಾದದ್ದು ಮಾತ್ರ ಯಾರೂ ತಲೆಯೆತ್ತಿ ನೋಡದ ಕಚೇರಿ ಮಹಡಿಗಳಲ್ಲಿ, ಕಾಲಡಿಯ ಕೆಲವೇ ಸೆಂಟಿಮೀಟರ್ ಕಾಂಕ್ರೀಟಿನಲ್ಲಿ.